ನಿಮ್ಮ ಫೋನಿನ ಕಂಪನಿ ಹೆಸರು ಹೇಳಿದ ಮಾತ್ರಕ್ಕೆ ‘ವೈರಸ್ ಎಚ್ಚರಿಕೆ’ ನಿಜವೇ?

‘ನಿಮ್ಮ ಸ್ಯಾಮ್‌ಸಂಗ್ ಫೋನಿನಲ್ಲಿ 4 ವೈರಸ್‌ಗಳಿವೆ! 2 ನಿಮಿಷದೊಳಗೆ ಈ ಆ್ಯಪ್ ಹಾಕಿಕೊಳ್ಳದಿದ್ದರೆ ಸಿಮ್ ಹಾಳಾಗುತ್ತದೆ.’ ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಿದಾಗ ಇಂಥ ಪುಟ ತೆರೆದುಕೊಳ್ಳುವುದುಂಟು. ಸುಳ್ಳಿರಬಹುದು ಎಂಬ ಅನುಮಾನ ಬಂದರೂ, ‘ನನ್ನ ಫೋನ್ ಸ್ಯಾಮ್‌ಸಂಗ್ ಅಂತ ಅವರಿಗೆ ಹೇಗೆ ಗೊತ್ತಾಯ್ತು?’ ಎಂಬ ಪ್ರಶ್ನೆ ಹಲವರನ್ನು ನಂಬಿಸಿಬಿಡುತ್ತದೆ.

ಉತ್ತರ ಸರಳ. ಅದನ್ನು ಹೇಳಿದ್ದು ನಿಮ್ಮ ಬ್ರೌಸರ್. ಆ ಪುಟ ನಿಮ್ಮ ಫೋನಿನೊಳಗೆ ಇಣುಕಿಲ್ಲ.

ಯೂಸರ್ ಏಜೆಂಟ್ ಎಂದರೇನು?

ಯಾವುದೇ ವೆಬ್ ಪುಟ ತೆರೆದಾಗ ಬ್ರೌಸರ್ ಆ ಸೈಟಿಗೆ ಒಂದು ಸಾಲಿನ ಪರಿಚಯ ಕಳಿಸುತ್ತದೆ. ಇದೇ ‘ಯೂಸರ್ ಏಜೆಂಟ್’. ಯಾವ ಬ್ರೌಸರ್, ಯಾವ ಆವೃತ್ತಿ, ಆಂಡ್ರಾಯ್ಡೋ ಐಫೋನೋ ವಿಂಡೋಸೋ ಎಂಬ ವಿವರ ಇದರಲ್ಲಿರುತ್ತದೆ. ಮೊಬೈಲ್‌ಗೆ ಚಿಕ್ಕ ಪರದೆಯ ಪುಟ, ಕಂಪ್ಯೂಟರ್‌ಗೆ ಅಗಲ ಪುಟ ಕಳಿಸಲು ಸೈಟ್‌ಗಳು ಇದನ್ನು ಬಳಸುತ್ತವೆ.

ಹಿಂದೆ ಆಂಡ್ರಾಯ್ಡ್ ಫೋನಿನ ಮಾದರಿ ಸಂಖ್ಯೆಯೂ ಈ ಸಾಲಿನಲ್ಲಿ ಹೋಗುತ್ತಿತ್ತು. ‘ಎಸ್‌ಎಂ’ ಎಂದು ಶುರುವಾದರೆ ಸ್ಯಾಮ್‌ಸಂಗ್ ಎಂದು ಹೇಳಲು ದೊಡ್ಡ ವಿದ್ಯೆ ಬೇಕಿಲ್ಲ. 2023ರಿಂದ ಆಂಡ್ರಾಯ್ಡ್‌ನ ಕ್ರೋಮ್ ಬ್ರೌಸರ್, ಫೋನ್ ಯಾವುದೇ ಇರಲಿ, ಈ ಸಾಲಿನಲ್ಲಿ ‘ಆಂಡ್ರಾಯ್ಡ್ 10, ಕೆ’ ಎಂದಷ್ಟೇ ಹೇಳುತ್ತದೆ. ಆದರೆ ಸೈಟ್ ಪ್ರತ್ಯೇಕವಾಗಿ ಕೇಳಿದರೆ ಮಾದರಿಯನ್ನು ಈಗಲೂ ತಿಳಿಸುತ್ತದೆ. ಐಫೋನ್‌ಗಳು ‘ಐಫೋನ್’ ಎಂದು ಹೇಳುತ್ತವೆಯೇ ಹೊರತು 13 ಅಥವಾ 15 ಎಂಬುದನ್ನು ಈ ಸಾಲಿನಲ್ಲಿ ಹೇಳುವುದಿಲ್ಲ.

ಈ ಸಾಲನ್ನು ಎಷ್ಟು ನಂಬಬಹುದು?

ಅಷ್ಟೇನೂ ಇಲ್ಲ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಕರೆದುಕೊಳ್ಳುತ್ತಿತ್ತು. ಕೆಲವು ಸೈಟ್‌ಗಳು ಆ ಹೆಸರು ಕಂಡರೆ ಮಾತ್ರ ಒಳ್ಳೆಯ ಪುಟ ಕೊಡುತ್ತಿದ್ದವು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ‘ನಾನೂ ಮೊಜಿಲ್ಲಾ’ ಎನ್ನತೊಡಗಿತು. 2008ರಲ್ಲಿ ಬಂದ ಕ್ರೋಮ್, ಮೊಜಿಲ್ಲಾ ಮತ್ತು ಸಫಾರಿ ಎರಡೂ ಹೆಸರು ಸೇರಿಸಿಕೊಂಡಿತು. ಇಂದಿಗೂ ಕ್ರೋಮ್, ಸಫಾರಿಗಳ ಸಾಲು ‘ಮೊಜಿಲ್ಲಾ/5.0’ ಎಂದೇ ಶುರುವಾಗುತ್ತದೆ!

ನೀವೇ ಪರೀಕ್ಷಿಸಿ. ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಡೆಸ್ಕ್‌ಟಾಪ್ ಸೈಟ್’ ಆರಿಸಿ. ಬ್ರೌಸರ್ ಈಗ ‘ನಾನು ಕಂಪ್ಯೂಟರ್’ ಎಂದು ಹೇಳುತ್ತದೆ. ಅನೇಕ ಸೈಟ್‌ಗಳು ಅದನ್ನು ನಂಬಿ ಅಗಲ ಪುಟ ಕಳಿಸುತ್ತವೆ.

ಹಾಗಾದರೆ ಅವರಿಗೆ ಏನೆಲ್ಲ ಗೊತ್ತಾಗುತ್ತದೆ?

ಈ ಸಾಲಿನಲ್ಲಿ ನಿಮ್ಮ ಹೆಸರು, ಮೊಬೈಲ್ ನಂಬರ್, ಫೋಟೊ, ಬ್ಯಾಂಕ್ ವಿವರ, ಐಎಂಇಐ ಸಂಖ್ಯೆ ಯಾವುದೂ ಇರುವುದಿಲ್ಲ. ಪುಟದಲ್ಲಿ ಊರಿನ ಹೆಸರೂ ಕಂಡರೆ ಅದು ನಿಮ್ಮ ಐಪಿ ವಿಳಾಸದಿಂದ ಮಾಡಿದ ಅಂದಾಜು. ಅದಕ್ಕೇ ಕಲಬುರಗಿಯಲ್ಲಿ ಕೂತವರಿಗೆ ‘ಬೆಂಗಳೂರು’ ಎಂದು ತೋರಿಸುವುದೂ ಉಂಟು.

ಮುಖ್ಯವಾಗಿ, ಬ್ರೌಸರ್‌ನಲ್ಲಿ ತೆರೆದ ವೆಬ್ ಪುಟಕ್ಕೆ ನಿಮ್ಮ ಫೋನಿನ ಆ್ಯಪ್‌ಗಳನ್ನೂ ಫೈಲ್‌ಗಳನ್ನೂ ಸ್ಕ್ಯಾನ್ ಮಾಡಿ ವೈರಸ್ ಎಣಿಸಲು ಆಗುವುದಿಲ್ಲ. ‘4 ವೈರಸ್’ ಎಂಬುದು ಮೊದಲೇ ಬರೆದಿಟ್ಟ ವಾಕ್ಯ. ಕಂಪನಿ ಹೆಸರಿನ ಜಾಗ ಮಾತ್ರ ಖಾಲಿ ಇರುತ್ತದೆ. ನಿಜವಾದ ಅಪಾಯ ಶುರುವಾಗುವುದು ಅವರು ಹೇಳಿದ ಆ್ಯಪ್ ಹಾಕಿಕೊಂಡಾಗ.

ಏನು ಮಾಡಬೇಕು?

• ಪುಟದಲ್ಲಿರುವ ಯಾವ ಬಟನ್ ಕೂಡ ಒತ್ತದೆ ಆ ಟ್ಯಾಬ್ ಮುಚ್ಚಿ.
• ‘ನೋಟಿಫಿಕೇಶನ್ ಕಳಿಸಲೇ?’ ಎಂದರೆ ‘ಅಲೋ’ ಒತ್ತಬೇಡಿ. ಒತ್ತಿದ್ದರೆ ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ತೆಗೆದುಹಾಕಿ.
• ಆ್ಯಪ್ ಈಗಾಗಲೇ ಹಾಕಿಕೊಂಡಿದ್ದರೆ ಅಳಿಸಿ, ಪ್ಲೇ ಸ್ಟೋರ್‌ನ ‘ಪ್ಲೇ ಪ್ರೊಟೆಕ್ಟ್’ನಲ್ಲಿ ಸ್ಕ್ಯಾನ್ ಮಾಡಿ.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಇಂಥ ಲಿಂಕ್ ಮನೆಯ ಗ್ರೂಪಿಗೆ ಬಂದಿದ್ದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇಷ್ಟು ಹೇಳಿದರೆ ಸಾಕು: ಫೋನ್ ಯಾವ ಕಂಪನಿಯದು ಎಂದು ಗೊತ್ತಿರುವುದಕ್ಕೂ ಅದರಲ್ಲಿ ವೈರಸ್ ಇದೆಯೇ ಎಂದು ಗೊತ್ತಿರುವುದಕ್ಕೂ ಸಂಬಂಧವೇ ಇಲ್ಲ.