ತರಬೇತುದಾರರ ತಲೆದಂಡ

ಮೈಸೂರಿನ ಯಾದವಗಿರಿಯಲ್ಲಿ ಕ್ರಿಕೆಟ್ಟಿನ ಮಾತಿಗೆ ಬರವಿಲ್ಲ. ಆದರೆ ಕಾಲ್ಚೆಂಡಿನ ಮೋಹ ಹತ್ತಿದವರೂ ಅಲ್ಲಿ ಇಲ್ಲದಿಲ್ಲ. 2021ರ ಜನವರಿಯಲ್ಲಿ ಇಂಥವರ ಸಂಜೆಗಾಫಿಗೆ ಒದಗಿದ ವಿವಾದವಿದು: ಬೆಂಗಳೂರು ಎಫ್‌ಸಿ ತನ್ನ ತರಬೇತುದಾರರನ್ನು ಬದಲಿಸಿದ್ದು ಸರಿಯೇ?

ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್ 2019ರ ಮಾರ್ಚಿಯಲ್ಲಿ ತಂಡಕ್ಕೆ ಇಂಡಿಯನ್ ಸೂಪರ್ ಲೀಗಿನ ಕಿರೀಟ ತಂದಿತ್ತವರು. ಎರಡು ವರ್ಷ ತುಂಬುವ ಮೊದಲೇ, ಸತತ ಮೂರು ಸೋಲುಗಳ ಬೆನ್ನಿಗೆ, ಜನವರಿ 6ರಂದು ಅವರು ನಿರ್ಗಮಿಸಿದರು.

ಕೊರೋನಾ ಹಾವಳಿಯಿಂದಾಗಿ ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ಗೋವೆಯ ನಿರ್ಜನ ಕ್ರೀಡಾಂಗಣಗಳಲ್ಲಿ. ಕಂಠೀರವದಲ್ಲಿ ಕೂಗಿ ತೀರಿಸಿಕೊಳ್ಳಬೇಕಾದ ಸಿಟ್ಟು ಮನೆಯ ಜಗಲಿಯಲ್ಲೇ ಉಳಿಯಿತು. ಆಟ ಮಂಕಾಯಿತು, ಗುರು ಬದಲಾಗಲೇಬೇಕಿತ್ತು ಎಂದು ಒಂದು ಪಕ್ಷ. ಗೋಲು ಹೊಡೆಯಬೇಕಾದವರು ಆಟಗಾರರಲ್ಲವೇ ಎಂದು ಇನ್ನೊಂದು. ಎರಡನೆಯ ಮಾತಿಗೇ ತೂಕ ಹೆಚ್ಚು.

ಬದಲಾವಣೆಯಿಂದ ಬಂದ ಫಲವಾದರೂ ಏನು? ತಂಡ ಏಳನೆಯ ಸ್ಥಾನದಲ್ಲಿ ನಿಂತಿತು, ಉಪಾಂತ್ಯವನ್ನೇ ಕಾಣಲಿಲ್ಲ. ಕ್ವಾಡ್ರಾಟರೋ, 2024ರ ಜನವರಿಯಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟರು!

ಹಾಗೆಂದು ಅವರ ಪಕ್ಷದವರು ಬಹುಕಾಲ ಬೀಗುವಂತಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯಗಳಲ್ಲೂ ಸೋಲು. ತಿಂಗಳ ಕೊನೆಗೆ ಮತ್ತೆ ನಿರ್ಗಮನ. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ಬೆಂಗಳೂರು ತಂಡದ ಕೈಯಲ್ಲಿ.