ಬಿಡುಗಡೆ ಕಾಣದ ಆಟಗಳ ಬೆನ್ನುಹತ್ತಿ

ಕಳೆದ ದೀಪಾವಳಿಯ ರಜೆಗೆ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ, ನಾನು ಗ್ರಂಥಸಂಪಾದನೆಯ ಪಾಠಕ್ಕೆಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದನ್ನು ಕೆಲಹೊತ್ತು ನೋಡುತ್ತಿದ್ದು, "ಮಾವ, ನಮ್ಮ ವಿಡಿಯೋ ಗೇಮುಗಳಲ್ಲಿಯೂ ಹಸ್ತಪ್ರತಿಗಳಿವೆ, ಗೊತ್ತೆ?" ಎಂದ. ಆಟಕ್ಕೂ ಓಲೆಗರಿಗೂ ಎಲ್ಲಿಯ ನಂಟು ಎಂದು ನಕ್ಕುಬಿಟ್ಟೆ. ಆಮೇಲೆ ನಾನೇ ಹುಡುಕಿ ಓದಿದ ಮೇಲೆ ಆ ನಗೆ ಉಳಿಯಲಿಲ್ಲ.

ಆಟವೊಂದು ಅಂಗಡಿಗೆ ಬರುವ ಮುನ್ನ, ಆಡಿ ಪರೀಕ್ಷಿಸುವುದಕ್ಕೂ ಪತ್ರಿಕೆಗಳ ವಿಮರ್ಶಕರಿಗೆ ತೋರಿಸುವುದಕ್ಕೂ ತಯಾರಕರು ಕೆಲವೇ ಕೆಲವು ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಇವಕ್ಕೆ ಪ್ರೋಟೋಟೈಪ್ ಎಂದು ಹೆಸರು. ಮಾರಾಟದ ಕಾರ್ಟ್ರಿಜ್ಜಿನಲ್ಲಿ ಆಟವು ಚಿಪ್ಪಿನೊಳಗೆ ಅಳಿಯದಂತೆ ಅಚ್ಚಾಗಿರುತ್ತಿತ್ತು. ಮಾದರಿಯಲ್ಲಾದರೋ ಅಳಿಸಿ ಮತ್ತೆ ಬರೆಯಬಹುದಾದ ಇಪ್ರಾಮ್ ಎಂಬ ಚಿಪ್. ಅದರ ಬೆನ್ನಿನ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಅದರ ಮೂಲಕ ನೇರಳಾತೀತ ಕಿರಣವನ್ನು ಹಾಯಿಸಿದರೆ ಒಳಗಿನ ಬರಹವೆಲ್ಲ ಮಾಯ. ಕಿಟಕಿಗೆ ಚೀಟಿ ಅಂಟಿಸಿ ಮುಚ್ಚಿಡುತ್ತಿದ್ದುದು ಅದಕ್ಕಾಗಿಯೇ. ಆ ಆಟವನ್ನು ಹೊರತರುವ ಆಲೋಚನೆಯನ್ನೇ ಕಂಪನಿ ಕೈಬಿಟ್ಟಿತೆನ್ನಿ. ಆಗ ಆ ಎರಡು ಮೂರು ಮಾದರಿಗಳೇ ಕೃತಿಯ ಸರ್ವಸ್ವ. ಹಳೆಯ ನೌಕರರ ಪೆಟ್ಟಿಗೆಗಳಲ್ಲಿ, ಪತ್ರಿಕಾ ಕಚೇರಿಗಳ ಕಪಾಟುಗಳಲ್ಲಿ, ಹರಾಜುಗಳಲ್ಲಿ ಇವನ್ನು ಅರಸುವವರ ಒಂದು ಸಂತತಿಯೇ ಅಮೆರಿಕ, ಜಪಾನುಗಳಲ್ಲಿ ಬೆಳೆದಿದೆ.

ಇಂಥ ಕತೆಗಳಲ್ಲಿ ನನ್ನ ಮನಸ್ಸನ್ನು ಹಿಡಿದುದು ಒಂದು. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ 'ಮದರ್' ಎಂಬ ಆಟವನ್ನು ಪ್ರಕಟಿಸಿತು. ಕರ್ತೃ ಶಿಗೆಸಾತೊ ಇಟೋಯಿ, ಜಾಹೀರಾತುಗಳನ್ನು ಬರೆದು ಹೆಸರಾದವರು. ಅಮೆರಿಕವನ್ನು ಹೋಲುವ ನಾಡಿನಲ್ಲಿ ಅಲೆಯುವ ಹುಡುಗನೊಬ್ಬ, ಮರೆತುಹೋದ ಹಾಡೊಂದರ ಎಂಟು ತುಣುಕುಗಳನ್ನು ಕೂಡಿಸುತ್ತ ಹೋಗುವುದು ಅದರ ವಸ್ತು. 1990ರಲ್ಲಿ ಕಂಪನಿಯ ಅಮೆರಿಕದ ಶಾಖೆಯಲ್ಲಿದ್ದ ಫಿಲ್ ಸ್ಯಾಂಡ್‌ಹಾಪ್ ಅದನ್ನು ಇಂಗ್ಲಿಷಿಗೆ ತಂದರು. ಅನುವಾದವೇನೋ ಮುಗಿಯಿತು. ಆದರೆ 1991ರಲ್ಲಿ ಸೂಪರ್ ನಿಂಟೆಂಡೊ ಎಂಬ ಹೊಸ ಯಂತ್ರ ಅಲ್ಲಿಗೆ ಬರುವುದಿತ್ತು. ಹಳೆಯ ಯಂತ್ರಕ್ಕಾಗಿ ಇಷ್ಟು ಖರ್ಚು ಮಾಡುವುದು ಲಾಭವಲ್ಲವೆಂದು ಆಟವನ್ನು ತಡೆಹಿಡಿದರು.

ಅದರ ಮಾದರಿಯೊಂದು ಸಂಗ್ರಾಹಕರೊಬ್ಬರ ಕೈಯಲ್ಲಿರುವುದು ಕೆಲವು ವರ್ಷಗಳ ತರುವಾಯ ತಿಳಿದುಬಂತು. 1998ರಲ್ಲಿ ಅಭಿಮಾನಿಗಳ ಗುಂಪೊಂದು 400 ಡಾಲರ್ ತೆತ್ತು, ಅದನ್ನು ಎರವಲಾಗಿ ಪಡೆದು, ಚಿಪ್ಪಿನಲ್ಲಿದ್ದುದನ್ನೆಲ್ಲ ಪ್ರತಿಮಾಡಿಕೊಂಡಿತು. ಕೂಡಲೇ ಸಂಶಯವೂ ಎದ್ದಿತು: ಇದು ಯಾರೋ ರಸಿಕರು ಹೊಸೆದ ಖೋಟಾ ಪ್ರತಿಯಾಗಿರಬಾರದೇಕೆ? ಇಲ್ಲಿಂದ ಮುಂದಿನದು ನನ್ನ ಕಸುಬಿನವರ ಬಾಯಲ್ಲಿ ನೀರೂರಿಸುವಂಥದು. ಈ ಇಂಗ್ಲಿಷ್ ಪ್ರತಿಯಲ್ಲಿ ಜಪಾನಿ ಮೂಲದಲ್ಲಿಲ್ಲದ ಪಾಠಾಂತರಗಳಿದ್ದವು. ಮೂಲದಲ್ಲಿ ಚುಟುಕಾಗಿ ಮುಗಿಯುತ್ತಿದ್ದ ಕತೆ ಇಲ್ಲಿ ವಿಸ್ತಾರವಾದ ಮುಕ್ತಾಯವನ್ನು ಪಡೆದಿತ್ತು. 2003ರಲ್ಲಿ ಕಂಪನಿ ಜಪಾನಿನಲ್ಲಿಯೇ ಆಟವನ್ನು ಮತ್ತೆ ಹೊರತಂದಾಗ ಅದೇ ಮುಕ್ತಾಯ ಅದರಲ್ಲಿಯೂ ಇತ್ತು! ಖೋಟಾಗಾರನ ಕಲ್ಪನೆ ಮೂಲಕರ್ತರ ಮನೆಯೊಳಗೆ ಹೇಗೆ ಹೊಕ್ಕೀತು? 2015ರಲ್ಲಿ 'ಅರ್ಥ್‌ಬೌಂಡ್ ಬಿಗಿನಿಂಗ್ಸ್' ಎಂಬ ಹೆಸರಿನಿಂದ ಆ 1990ರ ಅನುವಾದವೇ ಅಧಿಕೃತವಾಗಿ ಬಿಡುಗಡೆಯಾಯಿತು. ಇಪ್ಪತ್ತೈದು ವರ್ಷಗಳ ಅಜ್ಞಾತವಾಸವಾಯಿತಲ್ಲ!

ಎಲ್ಲ ಮಾದರಿಗಳಿಗೂ ಈ ಭಾಗ್ಯವಿಲ್ಲ. ಜಗತ್ತಿನಲ್ಲಿ ಒಂದೇ ಒಂದು ಎಂಬುದರಿಂದಲೇ ವಸ್ತುವಿಗೆ ಬೆಲೆ. ಪ್ರತಿಮಾಡಲು ಬಿಟ್ಟರೆ ಆ ಬೆಲೆ ಇಳಿದೀತೆಂದು ಬೀರುವಿನಲ್ಲಿ ಬೀಗ ಹಾಕಿಡುವ ಸಂಗ್ರಾಹಕರು ಇದ್ದಾರೆ. ಕಂಪನಿಯ ಒಪ್ಪಿಗೆಯಿಲ್ಲದೆ ಪ್ರತಿಮಾಡುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದೆ. ಅವರನ್ನು ಹಳಿಯುವುದು ಸುಲಭ. ಕಸದ ಪಾಲಾಗುತ್ತಿದ್ದುದನ್ನು ಕೈಯಿಂದ ಹಣ ಹಾಕಿ ಉಳಿಸಿದವರು ಅವರೇ ತಾನೆ? ಆದರೆ ಆ ಚಿಪ್ ಯಾರ ಮಾತನ್ನೂ ಕೇಳುವುದಿಲ್ಲ. ಬೆಳಕು ತಾಗದಿದ್ದರೂ ದಶಕಗಳು ಕಳೆದಂತೆ ಅದರೊಳಗಿನ ವಿದ್ಯುದಾವೇಶ ಮೆಲ್ಲಮೆಲ್ಲನೆ ಸೋರುತ್ತದೆ. ಬೀರುವಿನಲ್ಲಿ ಕಾರ್ಟ್ರಿಜ್ ಇದ್ದೇ ಇರುತ್ತದೆ, ಒಳಗೆ ಆಟವಿರುವುದಿಲ್ಲ.

ಇದನ್ನು ಓದಿದಾಗ, ಸಂಶೋಧನೆಯ ದಿನಗಳಲ್ಲಿ ನಾನು ಕಂಡ ಒಂದು ಮನೆ ನೆನಪಾಯಿತು. ಪೂಜೆಯ ಮಂಟಪದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಯ ಕಟ್ಟೊಂದಿತ್ತು. ಬಿಚ್ಚಲು ಮನೆಯ ಹಿರಿಯರು ಒಪ್ಪಲಿಲ್ಲ. ಊಟ ಮಾಡಿಸಿ, ಅಡಕೆ ಎಲೆ ಕೊಟ್ಟು ಕಳಿಸಿದರು. ನಾಲ್ಕು ವರ್ಷಗಳ ಬಳಿಕ ಅವರ ಮಗ ತಾನಾಗಿ ಕಾಗದ ಬರೆದು ಕರೆಸಿಕೊಂಡ. ವಸ್ತ್ರವನ್ನು ಬಿಚ್ಚಿದರೆ ಗೆದ್ದಲಿನ ಮಣ್ಣು. ಅದರಲ್ಲಿ ಏನಿತ್ತೆಂದು ಅಕ್ಕನ ಮಗ ಕೇಳಿದ. ಮೊದಲ ಗರಿಯನ್ನಾದರೂ ನಾನು ಕಂಡಿದ್ದರೆ ಹೇಳಬಹುದಿತ್ತು.

ಆ 400 ಡಾಲರ್ ತೆತ್ತವರಿಗೆ ಕಾರ್ಟ್ರಿಜ್ ದಕ್ಕಲಿಲ್ಲ. ಅವರು ಅದನ್ನು ಬಯಸಲೂ ಇಲ್ಲ. ರಜೆ ಮುಗಿಸಿ ಹೊರಟಾಗ ಹುಡುಗ ಆ ಆಟವಿರುವ ತನ್ನ ಯಂತ್ರವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದ. ರಾತ್ರಿ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಆಡುತ್ತೇನೆ. ಎಂಟು ತುಣುಕುಗಳಲ್ಲಿ ಇದುವರೆಗೆ ಎರಡು ಸಿಕ್ಕಿವೆ.