ಅಟ್ಲಾಂಟಿಕ್ ಸಾಗರವನ್ನು ದಾಟುವ ಮುನ್ನ

ಮಕ್ಕಳು ಪರದೇಶಗಳಲ್ಲಿ ನೆಲೆಸಿರುವ ಮನೆಗಳು ಇಂದು ಕನ್ನಡನಾಡಿನ ಊರೂರಿನಲ್ಲಿಯೂ ಉಂಟು. ಮಗಳು ಲಂಡನ್ನಿನಲ್ಲಿ, ಮಗನು ನ್ಯೂಜೆರ್ಸಿಯಲ್ಲಿ. ತಾಯಿತಂದೆಗಳು ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ. ಇಂಥ ದಂಪತಿಗಳು ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಮಗನ ಮನೆಗೆ ಹೊರಡುವಾಗ, ಅರುವತ್ತು ತುಂಬಿದ ಸಂತೋಷಕ್ಕೆಂದು ಮಕ್ಕಳೆಲ್ಲರೂ ಕೂಡಿ ಅವರನ್ನು ವಿಮಾನಕ್ಕೆ ಬದಲಾಗಿ ಹಡಗಿನಲ್ಲಿ ಕಳುಹಿಸಬಯಸುವುದುಂಟು. ವಿಮಾನವು ಸುಮಾರು ೮ ಗಂಟೆಗಳಲ್ಲಿ ದಾಟುವ ನೀರನ್ನು ಹಡಗು ಏಳು ರಾತ್ರಿಗಳಲ್ಲಿ ದಾಟುತ್ತದೆ. ವೆಚ್ಚವೂ ಅಲ್ಪವಲ್ಲ. ಆದುದರಿಂದ ಇಂಥ ಯಾತ್ರೆಯನ್ನು ಮೊದಲ ಬಾರಿಗೆ ಕೈಕೊಳ್ಳುವವರು ಮುಂದಾಗಿ ಅರಿತಿರಬೇಕಾದ ಸಂಗತಿಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಹಡಗು ಅರಮನೆಗೆ ಸಮಾನವಾದುದೆಂದು ಕೇಳಿ, ‘ಅಲ್ಲಿ ಎಲ್ಲವೂ ಇರುವುದು; ಬರಿಗೈಯಲ್ಲಿ ಹೋದರೂ ಸಾಕು’ ಎನ್ನುವವರುಂಟು. ಈ ಮಾತು ಅರ್ಧ ನಿಜ. ಮೆತ್ತನೆಯ ಹಾಸಿಗೆ, ಮೃಷ್ಟಾನ್ನ, ಸಂಗೀತ, ನಾಟಕಶಾಲೆ, ಪುಸ್ತಕಭಂಡಾರ, ಇವೆಲ್ಲವನ್ನೂ ಹಡಗು ಕೊಡುತ್ತದೆ. ಅದು ಕೊಡಲಾರದವು ನಾಲ್ಕು: ಸರಿಯಾದ ಕಾಗದಪತ್ರ, ನಿತ್ಯದ ಔಷಧ, ನಮ್ಮ ಆಹಾರನಿಯಮಗಳನ್ನು ಕುರಿತ ಮುನ್ಸೂಚನೆ, ಏಳು ದಿನ ಸುಮ್ಮನಿರಬಲ್ಲ ಮನಸ್ಸು. ಈ ನಾಲ್ಕನ್ನೂ ಮನೆಯಿಂದಲೇ ಒಯ್ಯತಕ್ಕದ್ದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದ ವೈಭವವೆಲ್ಲ ವ್ಯರ್ಥ.

ಮೊದಲು ಹಡಗಿನ ವಿಷಯ. ಸ್ಯಾಮ್ಯುಯೆಲ್ ಕ್ಯುನಾರ್ಡ್ ಎಂಬಾತನ ‘ಬ್ರಿಟಾನಿಯಾ’ ಎಂಬ ಹೊಗೆಹಡಗು ೧೮೪೦ನೆಯ ಜುಲೈ ೪ರಂದು ಲಿವರ್‌ಪೂಲಿನಿಂದ ಹೊರಟು ಸುಮಾರು ಎರಡು ವಾರಗಳಲ್ಲಿ ಬಾಸ್ಟನ್ ನಗರವನ್ನು ಮುಟ್ಟಿತು. ಅಂದಿನಿಂದ ಆ ಮನೆತನದ ಹಡಗುಗಳ ಹಾದಿಯು ಇಂದಿನವರೆಗೂ ನಡೆದುಬಂದಿದೆ. ಪ್ರಸಿದ್ಧ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನು ೧೮೪೨ರಲ್ಲಿ ಆ ‘ಬ್ರಿಟಾನಿಯಾ’ದಲ್ಲಿಯೇ ಪ್ರಯಾಣ ಮಾಡಿ, ತನಗೆ ಸಿಕ್ಕಿದ ಕೋಣೆಯ ಇಕ್ಕಟ್ಟನ್ನು ಕುರಿತು ಪರಿಹಾಸ್ಯಮಾಡಿ ಬರೆದನು. ಅನಂತರದ ನೂರು ವರ್ಷಗಳಲ್ಲಿ ಹಡಗುಗಳು ಬೆಳೆದು ತೇಲುವ ನಗರಗಳೇ ಆದುವು. ೧೯೫೮ರಲ್ಲಿ ಜೆಟ್ ವಿಮಾನಗಳು ಈ ಸಾಗರದ ಮೇಲೆ ಸಂಚಾರವನ್ನಾರಂಭಿಸಿದ ಮೇಲಾದರೋ ಅವು ಒಂದೊಂದಾಗಿ ನಿಂತುಹೋದುವು. ಇಂದು ಇಂಗ್ಲೆಂಡಿನ ಸೌತಾಂಪ್ಟನ್ನಿಗೂ ನ್ಯೂಯಾರ್ಕಿಗೂ ನಡುವೆ ನಿಯಮಿತವಾಗಿ ಸಂಚರಿಸುವ ದೊಡ್ಡ ಪ್ರಯಾಣಿಕರ ಹಡಗು ‘ಕ್ವೀನ್ ಮೇರಿ ೨’ ಎಂಬುದೊಂದೇ.

ಈ ಹಡಗು ಫ್ರಾನ್ಸಿನ ಸೇಂಟ್ ನಜೇರ್ ಎಂಬಲ್ಲಿ ನಿರ್ಮಿತವಾಗಿ, ೨೦೦೪ನೆಯ ಜನವರಿಯಲ್ಲಿ ಎರಡನೆಯ ಎಲಿಜಬೆತ್ ರಾಣಿಯಿಂದ ನಾಮಕರಣವನ್ನು ಪಡೆಯಿತು. ಇದರ ಉದ್ದ ೩೪೫ ಮೀಟರು. ದ್ವೀಪದಿಂದ ದ್ವೀಪಕ್ಕೆ ಸುತ್ತುವ ವಿಹಾರನೌಕೆಗಳಿಗೂ ಇದಕ್ಕೂ ಭೇದವುಂಟು. ಉತ್ತರ ಅಟ್ಲಾಂಟಿಕ್ಕಿನ ಅಲೆಗಳನ್ನು ಸೀಳುವುದಕ್ಕಾಗಿ ಇದರ ಮೂತಿಯನ್ನು ನೀಳವಾಗಿಯೂ, ಒಡಲನ್ನು ಆಳವಾಗಿಯೂ, ಉಕ್ಕಿನ ಹಲಗೆಗಳನ್ನು ದಪ್ಪವಾಗಿಯೂ ಮಾಡಿರುವರು. ನಡುದಾರಿಯಲ್ಲಿ ಯಾವ ಬಂದರೂ ಇಲ್ಲ. ೩,೦೦೦ಕ್ಕೂ ಹೆಚ್ಚು ನಾವಿಕ ಮೈಲಿಗಳ ದೂರ ನೀರೇ ನೀರು. ಹೊರಡುವವರು ಮನಸ್ಸಿನಲ್ಲಿಡಬೇಕಾದ ಮೊದಲನೆಯ ಮಾತು ಇದು. ಮರೆತ ವಸ್ತುವನ್ನು ಕೊಳ್ಳಲು ನಡುವೆ ಇಳಿಯುವಂತಿಲ್ಲ. ಮನಸ್ಸು ಬೇಸತ್ತರೆ ಹಿಂತಿರುಗುವಂತೆಯೂ ಇಲ್ಲ.

ಇನ್ನು ಕಾಗದಪತ್ರಗಳು. ಭಾರತದ ಪಾಸ್‌ಪೋರ್ಟು ಉಳ್ಳವರು ಸೌತಾಂಪ್ಟನ್ನಿನಲ್ಲಿ ಹಡಗನ್ನೇರಬೇಕಾದರೆ ಬ್ರಿಟನ್ನಿನ ವೀಸಾ ಬೇಕು. ನ್ಯೂಯಾರ್ಕಿನಲ್ಲಿ ಇಳಿಯಬೇಕಾದರೆ ಅಮೆರಿಕದ ವೀಸಾ ಬೇಕು. ಯುರೋಪಿನ ಅನೇಕ ದೇಶದವರಿಗೆ ಅಮೆರಿಕದ ಅನುಮತಿ ಸುಲಭವಾಗಿ ದೊರೆಯುವುದನ್ನು ಕಂಡು ನಮಗೂ ಹಾಗೆಯೇ ಎಂದು ಭ್ರಮಿಸಬಾರದು. ಎರಡರಲ್ಲಿ ಒಂದು ಇಲ್ಲದಿದ್ದರೂ ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ. ಕೊಟ್ಟ ಹಣವು ಹಿಂದಕ್ಕೆ ಬರುವ ಆಸೆಯೂ ಇಲ್ಲ. ಅಮೆರಿಕದ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾದಿರುವ ಸಂದರ್ಭಗಳುಂಟಾದುದರಿಂದ ಮೊದಲು ವೀಸಾ, ಅನಂತರ ಟಿಕೆಟ್ಟು ಎಂಬ ಕ್ರಮವೇ ಕ್ಷೇಮಕರ. ಪಾಸ್‌ಪೋರ್ಟಿಗೆ ಯಾತ್ರೆ ಮುಗಿದ ಮೇಲೆಯೂ ೬ ತಿಂಗಳಿಗೆ ಕಡಮೆಯಿಲ್ಲದ ಅವಧಿ ಮಿಕ್ಕಿರಲಿ. ನಮ್ಮವರಲ್ಲಿ ಊರಿನ ಹೆಸರು, ತಂದೆಯ ಹೆಸರುಗಳನ್ನು ಒಂದೊಂದಕ್ಷರವಾಗಿ ಮೊಟಕುಮಾಡುವ ರೂಢಿಯುಂಟಷ್ಟೆ. ಪಾಸ್‌ಪೋರ್ಟಿನಲ್ಲಿ ಅವು ವಿಸ್ತರಿಸಿದ್ದು ಟಿಕೆಟ್ಟಿನಲ್ಲಿ ಬರಿಯ ಅಕ್ಷರಗಳಾಗಿದ್ದರೆ ತೊಂದರೆಯಾದೀತು. ಎಲ್ಲ ಪತ್ರಗಳಲ್ಲಿಯೂ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರತಕ್ಕದ್ದು.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಬಂದು ಅದೇ ದಿನ ಹಡಗನ್ನು ಹಿಡಿಯುವೆವೆಂಬ ಸಾಹಸ ಬೇಡ. ಒಂದು ದಿನ ಮುಂಚಿತವಾಗಿ ಇಂಗ್ಲೆಂಡನ್ನು ಸೇರಿದರೆ ನಿದ್ದೆಯ ಕೊರತೆಯೂ ನೀಗುವುದು. ಹಡಗಿನಲ್ಲಿ ಸಾಮಾನು ಎಷ್ಟಿದ್ದರೂ ಸರಿಯೆಂದು ಕೆಲವರು ಹೇಳುವರು; ಆದರೆ ಬರುವುದೂ ಹಿಂತಿರುಗುವುದೂ ವಿಮಾನದಲ್ಲಿಯಾದುದರಿಂದ ತೂಕದ ಲೆಕ್ಕಕ್ಕೆ ವಿಮಾನದ ನಿಯಮವೇ ಪ್ರಮಾಣ.

ಕೋಣೆಯನ್ನು ಆರಿಸುವಲ್ಲಿ ಬೆಲೆಯೊಂದೇ ಮಾರ್ಗದರ್ಶಿಯಲ್ಲ. ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯುಳ್ಳದ್ದು, ಮೊಗಸಾಲೆಯುಳ್ಳದ್ದು, ಪ್ರತ್ಯೇಕ ಭೋಜನಶಾಲೆಯ ಹಕ್ಕುಳ್ಳ ಮಹಾಕೋಣೆ ಎಂದು ಮೆಟ್ಟಿಲುಗಳುಂಟು. ಉತ್ತರ ಅಟ್ಲಾಂಟಿಕ್ಕಿನ ಗಾಳಿಯಲ್ಲಿ ಮೊಗಸಾಲೆಯಲ್ಲಿ ಕುಳಿತಿರಲು ಅನುಕೂಲವಾಗುವ ದಿನಗಳು ಕೆಲವೇ. ತೊಟ್ಟಿಲನ್ನು ತೂಗುವಾಗ ಅಂಚಿಗಿಂತ ನಡುವು ಕಡಮೆ ಅಲುಗುವಂತೆ, ಹಡಗಿನಲ್ಲಿಯೂ ಉದ್ದದ ನಡುಭಾಗದಲ್ಲಿರುವ, ಕೆಳಗಿನ ಅಂತಸ್ತಿನ ಕೋಣೆಯೇ ಹೆಚ್ಚು ಸ್ಥಿರವಾದುದು. ತಲೆಸುತ್ತುವ ಸ್ವಭಾವದವರು ಮೇಲಂತಸ್ತಿನ ವೈಭವಕ್ಕಿಂತ ಈ ಸ್ಥಿರತೆಯನ್ನು ಕೊಳ್ಳುವುದು ಜಾಣತನ. ಕಾಲವನ್ನೂ ಆರಿಸಬೇಕು. ಚಳಿಗಾಲದಲ್ಲಿ ಸಮುದ್ರವು ಉಗ್ರವಾಗಿರುವುದು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಚಂಡಮಾರುತಗಳ ಸಂಭವವುಂಟು. ಮೇ ಜೂನ್ ತಿಂಗಳುಗಳು ಮೊದಲ ಯಾತ್ರೆಗೆ ಸೌಮ್ಯವಾದುವು. ಆದರೆ ನ್ಯೂಫೌಂಡ್‌ಲೆಂಡಿನ ಹತ್ತಿರ ಬೆಚ್ಚನೆಯ ಪ್ರವಾಹವೂ ತಣ್ಣನೆಯ ಪ್ರವಾಹವೂ ಕೂಡುವಲ್ಲಿ ದಟ್ಟವಾದ ಮಂಜು ಕವಿಯುವುದುಂಟು.

ಹಿಂದಿನವರಿಗೆ ಸಮುದ್ರಯಾನದಲ್ಲಿ ಶಾಸ್ತ್ರಭಯವಿದ್ದಿತು. ಬೌಧಾಯನ ಧರ್ಮಸೂತ್ರವು ಅದನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಅದಕ್ಕಿಂತ ಹಳೆಯದಾದ ಋಗ್ವೇದದಲ್ಲಿಯಾದರೋ, ಹಿಡಿಯಲು ಆಸರೆಯೇ ಇಲ್ಲದ ಕಡಲಿನಿಂದ ಭುಜ್ಯು ಎಂಬುವನನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ದಡ ಸೇರಿಸಿದ ಕಥೆಯುಂಟು. ಆ ದೇವತೆಗಳು ದೇವವೈದ್ಯರೆಂಬುದು ವಾಚಕರಿಗೆ ತಿಳಿದೇ ಇದೆ. ಇಂದು ಶಾಸ್ತ್ರಭಯವು ಹೋಗಿ ಶರೀರಭಯವು ಉಳಿದಿದೆ; ಇದು ನಿರಾಧಾರವಾದ ಭಯವಲ್ಲ. ಹಡಗಿನಲ್ಲಿ ವೈದ್ಯರೂ ದಾದಿಯರೂ ಚಿಕ್ಕ ಆಸ್ಪತ್ರೆಯೂ ಉಂಟು, ನಿಜ. ಆದರೆ ದೊಡ್ಡ ಶಸ್ತ್ರಚಿಕಿತ್ಸೆಗೆ ಅದು ಸಾಲದು. ತೀರದಿಂದ ಕೆಲವು ನೂರು ಮೈಲಿಗಳಾಚೆಗೆ ಹೆಲಿಕಾಪ್ಟರು ಬರಲಾರದು. ನಡುಗಡಲಿನಲ್ಲಿ ಎದೆನೋವು ಬಂದರೆ ತೀರವು ಎರಡು ಮೂರು ದಿನಗಳ ದೂರದಲ್ಲಿರುವುದು.

ಆದುದರಿಂದ ಹೊರಡುವುದಕ್ಕೆ ಎರಡು ತಿಂಗಳ ಮುಂಚೆಯೇ ಮನೆಯ ವೈದ್ಯರನ್ನು ಕಂಡು, ‘ಏಳು ದಿನ ಆಸ್ಪತ್ರೆಯಿಂದ ದೂರವಿರಬಹುದೆ?’ ಎಂದು ನೇರವಾಗಿ ಕೇಳತಕ್ಕದ್ದು. ಅವರು ಬೇಡವೆಂದರೆ ಯಾತ್ರೆಯನ್ನು ಬಿಡುವುದರಲ್ಲಿ ಅವಮಾನವೇನೂ ಇಲ್ಲ. ಮಕ್ಕಳ ಉತ್ಸಾಹಕ್ಕೆ ಭಂಗ ಬಾರದಿರಲೆಂದು ತಂದೆಯು ಎದೆನೋವನ್ನು ಬಚ್ಚಿಡುವುದೂ, ತಾಯಿಯು ಮಂಡಿನೋವನ್ನು ನುಂಗಿಕೊಳ್ಳುವುದೂ ನಮ್ಮ ಮನೆಗಳಲ್ಲಿ ವಿರಳವಲ್ಲ. ಇಲ್ಲಿ ಅಂಥ ದಾಕ್ಷಿಣ್ಯವು ಸಲ್ಲದು. ವಿಮೆಯನ್ನು ಮಾಡಿಸುವಾಗಲೂ ರಕ್ತದೊತ್ತಡ, ಸಕ್ಕರೆಕಾಯಿಲೆ ಮೊದಲಾದುವನ್ನು ಮುಚ್ಚಿಡದೆ ಬರೆಯಿಸಬೇಕು. ಮುಚ್ಚಿಟ್ಟ ರೋಗಕ್ಕೆ ವಿಮೆಯು ಹಣ ಕೊಡುವುದಿಲ್ಲ. ಹಡಗಿನ ಚಿಕಿತ್ಸೆಯೂ ಪುಕ್ಕಟೆಯಲ್ಲ, ಅಮೆರಿಕದ ಆಸ್ಪತ್ರೆಗಳಂತೂ ಬಹಳ ದುಬಾರಿ.

ಔಷಧಗಳನ್ನು ವೈದ್ಯರ ಚೀಟಿಯೊಡನೆ ಅವುಗಳ ಮೂಲದ ಪೊಟ್ಟಣಗಳಲ್ಲಿಯೇ, ಬೇಕಾದುದಕ್ಕಿಂತ ಹತ್ತು ದಿನಗಳಷ್ಟು ಹೆಚ್ಚಾಗಿ, ಕೈಚೀಲದಲ್ಲಿ ಒಯ್ಯಬೇಕು. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲಿಯೇ ತೆಗೆದುಕೊಂಡು ಕೆಲವು ಗಂಟೆಗಳ ಮೇಲೆ ಕೋಣೆಗೆ ತಲಪಿಸುವರು. ಸಂಜೆಯ ಮಾತ್ರೆಯು ಆ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳಬಾರದು. ಕಡಲುಬೇನೆಗೆ ಮದ್ದನ್ನು ವಾಂತಿ ಹಿಡಿದ ಮೇಲಲ್ಲ, ಮುಂಚೆಯೇ ವೈದ್ಯರ ಸಲಹೆಯಂತೆ ಸೇವಿಸಬೇಕು. ಹಸಿದ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಎರಡೂ ಕೂಡದು. ದೂರದ ದಿಗಂತವನ್ನು ದೃಷ್ಟಿಸುತ್ತ ಹೊರಗಾಳಿಯಲ್ಲಿ ಕುಳಿತರೆ ಶಮನವಾಗುವುದುಂಟು. ಶುಂಠಿಯೂ ಹಲವರಿಗೆ ಹಿತ.

ಕಾಲಗಣನೆಯ ಸೋಜಿಗವೊಂದುಂಟು. ಲಂಡನ್ನಿಗೂ ನ್ಯೂಯಾರ್ಕಿಗೂ ೫ ಗಂಟೆಗಳ ಅಂತರ. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿಗಳಲ್ಲಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವರು. ಹೀಗೆ ಐದು ದಿನಗಳಿಗೆ ೨೫ ಗಂಟೆಗಳಾಗುವುವು. ವಿಮಾನದ ಪ್ರಯಾಣಿಕರನ್ನು ಕಾಡುವ ನಿದ್ರಾಭಂಗವು ಇಲ್ಲಿಲ್ಲ. ಪೂರ್ವಕ್ಕೆ ಬರುವಾಗ ಅಷ್ಟೇ ಗಂಟೆಗಳು ಕಳೆಯುವುದರಿಂದ, ಆಯ್ಕೆಯಿದ್ದಲ್ಲಿ ಮೊದಲ ಬಾರಿಗೆ ಪಶ್ಚಿಮದ ದಿಕ್ಕೇ ಮೇಲು. ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಮೊದಲಾದುವನ್ನು ತೆಗೆದುಕೊಳ್ಳುವವರು ಈ ದಿನಗಳ ಲೆಕ್ಕವನ್ನು ವೈದ್ಯರಿಂದ ಬರೆಯಿಸಿಕೊಂಡು ಹೋಗತಕ್ಕದ್ದು.

ಉಡುಪಿನ ವಿಷಯದಲ್ಲಿ ಹೆದರಿಕೆ ಬೇಡ. ಸಂಜೆ ೬ ಗಂಟೆಯ ಮೇಲೆ ಮುಖ್ಯವಾದ ಶಾಲೆಗಳಲ್ಲಿ ಸಭ್ಯವಾದ ಉಡುಪನ್ನು ಬಯಸುವರು. ಏಳರಲ್ಲಿ ಸಾಮಾನ್ಯವಾಗಿ ಎರಡು ರಾತ್ರಿಗಳು ಸಮಾರಂಭದವು. ಅಂದು ಪಾಶ್ಚಾತ್ಯರು ಕರಿಯ ಉಡುಪನ್ನೂ ನೀಳವಾದ ಅಂಗಿಗಳನ್ನೂ ಧರಿಸುವರು. ಆಯಾ ದೇಶದ ಸಾಂಪ್ರದಾಯಿಕವಾದ ಉಡುಪಿಗೂ ಅಲ್ಲಿ ಮರ್ಯಾದೆಯುಂಟು. ನಮ್ಮ ರೇಷ್ಮೆಸೀರೆಯೂ, ಕುತ್ತಿಗೆಮುಚ್ಚಿದ ಕೋಟೂ ಯಾವ ಸಭೆಗೂ ಕಡಮೆಯಲ್ಲ. ಹೊಸ ಸೂಟನ್ನು ಹೊಲಿಸುವ ಖರ್ಚು ಅನಾವಶ್ಯಕ. ಆದರೆ ಅಲುಗುವ ನೆಲದ ಮೇಲೆ ಎತ್ತರದ ಹಿಮ್ಮಡಿಯ ಪಾದರಕ್ಷೆ ಅಪಾಯಕರ. ಸೆರಗಿಗೆ ಪಿನ್ನು ಇರಲಿ. ಬೇಸಗೆಯಲ್ಲಿಯೂ ಹೊರಗಿನ ಗಾಳಿಯು ಕೊರೆಯುವುದರಿಂದ ಉಣ್ಣೆಯ ಶಾಲು, ಕಾಲುಚೀಲ, ಕಿವಿಮುಚ್ಚುವ ಟೋಪಿ ಇವನ್ನು ಮರೆಯಬಾರದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಸಲಾಕೆ, ಮೇಣದ ಬತ್ತಿ ಮೊದಲಾದುವನ್ನು ಬೆಂಕಿಯ ಭಯದಿಂದ ಕೋಣೆಯಲ್ಲಿ ನಿಷೇಧಿಸಿರುವರು. ದೇವರ ಮುಂದೆ ದೀಪವನ್ನಾಗಲಿ ಊದುಬತ್ತಿಯನ್ನಾಗಲಿ ಹಚ್ಚಲಾಗದು. ಏಳು ದಿನ ಮಾನಸಪೂಜೆಯೇ ಸಾಕು.

ಸಸ್ಯಾಹಾರಿಗಳು ಟಿಕೆಟ್ಟು ಕೊಳ್ಳುವಾಗಲೇ ತಮ್ಮ ನಿಯಮಗಳನ್ನು ಬರೆದು ತಿಳಿಸಬೇಕು. ಆ ದೇಶಗಳಲ್ಲಿ ಸಸ್ಯಾಹಾರವೆಂದರೆ ಮೊಟ್ಟೆಯೂ ಸೇರಿರುವುದು ವಾಡಿಕೆ. ಮೊಟ್ಟೆ ಬೇಡವಾದರೆ ಬೇಡವೆಂದೇ ಸ್ಪಷ್ಟವಾಗಿ ಬರೆಯಬೇಕು. ಮೊದಲ ರಾತ್ರಿಯೇ ಬಡಿಸುವವರ ಮುಖ್ಯಸ್ಥನಿಗೆ ಇನ್ನೊಮ್ಮೆ ಹೇಳಿದರೆ, ಮರುದಿನದ ಅಡುಗೆಯನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬಹುದು. ಚಟ್ನಿಪುಡಿಯ ಒಂದು ಡಬ್ಬಿ ಜೊತೆಗಿದ್ದರೆ ನಾಲಿಗೆಗೆ ಸಮಾಧಾನ. ಹಸಿಯ ಕರಿಬೇವು, ಹಣ್ಣು, ಬಿತ್ತನೆಯ ಬೀಜ ಇವನ್ನು ಅಮೆರಿಕದೊಳಕ್ಕೆ ಒಯ್ಯಲು ಬಿಡುವುದಿಲ್ಲ. ಮಿಕ್ಕ ತಿಂಡಿತೀರ್ಥಗಳನ್ನು ಸುಂಕದವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಬಿಡುವುದು ಲೇಸು.

ಹಡಗನ್ನೇರಿದೊಡನೆ ಎಲ್ಲರಿಗೂ ಆಪತ್ಕಾಲದ ಶಿಕ್ಷಣವನ್ನು ಕೊಡುವರು. ಇದನ್ನು ಬೇಸರದಿಂದ ಕಾಣಬಾರದು. ೧೯೧೨ನೆಯ ಏಪ್ರಿಲ್ ೧೫ರಂದು ‘ಟೈಟಾನಿಕ್’ ಇದೇ ಸಾಗರದಲ್ಲಿ ಮುಳುಗಿದಾಗ ಅದರಲ್ಲಿದ್ದವರು ಸುಮಾರು ೨,೨೦೦ ಜನ. ರಕ್ಷಾದೋಣಿಗಳಲ್ಲಿ ಸ್ಥಳವಿದ್ದುದು ೧,೧೭೮ ಜನಕ್ಕೆ ಮಾತ್ರ. ಸುಮಾರು ೧,೫೦೦ ಜನ ಪ್ರಾಣ ಬಿಟ್ಟರು. ಆ ದುಃಖದ ಫಲವಾಗಿ ೧೯೧೪ರಲ್ಲಿ ಸಮುದ್ರದಲ್ಲಿ ಪ್ರಾಣರಕ್ಷಣೆಗಾಗಿ ರಾಷ್ಟ್ರಗಳ ಒಪ್ಪಂದವಾಯಿತು. ಇಂದು ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವುಂಟು. ಅದು ಎಲ್ಲಿದೆಯೆಂದು ತಿಳಿದುಕೊಳ್ಳುವುದು ಮಾತ್ರ ನಮ್ಮ ಕೆಲಸ.

ಕೊನೆಯದಾಗಿ ಮನಸ್ಸು. ಮೊದಲೆರಡು ದಿನ ಎಲ್ಲವೂ ಬೆರಗು. ಮೂರನೆಯ ದಿನ ‘ಇನ್ನೇನು ಮಾಡುವುದು?’ ಎಂಬ ಪ್ರಶ್ನೆ ಹುಟ್ಟುವುದು. ಮನೆಯೊಳಗೆ ಒಂದು ಗಳಿಗೆಯೂ ಸುಮ್ಮನೆ ಕೂರದ ಗೃಹಿಣಿಗೆ ಇದು ಇನ್ನೂ ಕಠಿಣ. ಓದಬೇಕೆಂದು ವರ್ಷಗಳಿಂದ ಎತ್ತಿಟ್ಟಿದ್ದ ಕನ್ನಡ ಪುಸ್ತಕವೊಂದು, ಹೆಣಿಗೆಯ ಕಡ್ಡಿ, ಬರೆಯುವ ಪುಸ್ತಕ ಇವು ಕೈಯಲ್ಲಿರಲಿ. ಏಳನೆಯ ಅಂತಸ್ತಿನಲ್ಲಿ ಹಡಗನ್ನು ಸುತ್ತಿಬರುವ ನಡಿಗೆಯ ದಾರಿಯುಂಟು. ಒಂದು ಸುತ್ತು ಸುಮಾರು ೬೦೦ ಮೀಟರು. ಉಪನ್ಯಾಸಗಳೂ, ನಕ್ಷತ್ರಗಳನ್ನು ತೋರುವ ತಾರಾಲಯವೂ ಉಂಟು. ದೂರಸಂಪರ್ಕಕ್ಕೆ ಬೇರೆ ಹಣ ತೆರಬೇಕು, ಕೆಲವೊಮ್ಮೆ ಅದು ಕಡಿಯುವುದೂ ಉಂಟು. ಒಂದು ದಿನ ಸುದ್ದಿ ಬಾರದಿದ್ದರೆ ಗಾಬರಿಪಡಬೇಡಿರೆಂದು ಮಕ್ಕಳಿಗೆ ಮುಂದಾಗಿಯೇ ಹೇಳಿಟ್ಟಿರಬೇಕು.

ಇಷ್ಟು ಶ್ರಮಪಟ್ಟು ಎಂಟು ಗಂಟೆಯ ಹಾದಿಯನ್ನು ಏಳು ರಾತ್ರಿ ಮಾಡಿಕೊಳ್ಳುವುದೇಕೆ? ವಿಮಾನವು ದೂರವನ್ನು ಅಳಿಸಿಬಿಡುತ್ತದೆ. ಒಂದು ನಿದ್ದೆ ಮುಗಿಯುವುದರೊಳಗೆ ಮಗನ ಊರು ಬಂದಿರುವುದು. ಮಗನು ಎಷ್ಟು ದೂರ ಹೋಗಿ ಬಾಳು ಕಟ್ಟಿಕೊಂಡಿರುವನೆಂಬುದು ಹೆತ್ತವರಿಗೆ ಮೈಗೆ ತಿಳಿಯುವುದು, ದಿನದ ಮೇಲೆ ದಿನ ನೀರನ್ನೇ ಕಂಡಾಗ. ಕಡೆಯ ದಿನ ಬೆಳಗಿನ ಜಾವದಲ್ಲಿ ಹಡಗು ವೆರಾಜಾನೋ ಸೇತುವೆಯ ಅಡಿಯಲ್ಲಿ ಹಾಯ್ದು, ೧೮೮೬ರಿಂದ ದೀವಿಗೆಯನ್ನೆತ್ತಿ ನಿಂತಿರುವ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುವಂತೆ ಬ್ರೂಕ್ಲಿನ್ನಿನ ದಡವನ್ನು ಸೇರುತ್ತದೆ. ಆ ಹೊತ್ತಿಗೆ ಶಾಲನ್ನು ಹೊದ್ದುಕೊಂಡು ಮೇಲೆ ನಿಂತಿರುವುದಕ್ಕೆ, ಹಿಂದಿನ ರಾತ್ರಿ ಬೇಗನೆ ಮಲಗಬೇಕು. ಔಷಧಗಳನ್ನೂ ರಾತ್ರಿಯ ಉಡುಪನ್ನೂ ಹೊರಗಿಟ್ಟುಕೊಂಡು, ಮಿಕ್ಕುದನ್ನೆಲ್ಲ ಪೆಟ್ಟಿಗೆಗೆ ಹಾಕಿ ಮಲಗುವ ಮುಂಚೆ ಬಾಗಿಲಿನ ಹೊರಗಿಟ್ಟಿರಬೇಕು.